ಹರಿವಾಣದ ಕರ್ಪೂರ

ಅರುವತ್ತೊಂದನೇ ಇಸವಿಯ ಪಗ್ಗು ತಿಂಗಳು, ನಡುಬೇಸಿಗೆ. ದನಗಳು ಗುಡ್ಡೆ ಇಳಿದು ಹಟ್ಟಿಗೆ ಬರುವ ಹೊತ್ತು. ಪೆರಾಬೆಯ ಗುರುವಪ್ಪ ಗೌಡರ ಜಗಲಿಯಲ್ಲಿ ಅದು ಶುರುವಾದ್ದು ಆಗ. ಅವರ ಮನೆಯ ಹೊರಕೋಣೆಯಲ್ಲಿ ಶಾಲೆಯ ಕೌಸಲ್ಯಾ ಟೀಚರು ಉಳಕೊಂಡಿದ್ದರು. ಈಗ ಅವರಿಗೆ ಮಂಗಳೂರಿಗೆ ವರ್ಗ ಆಗಿತ್ತು. ಎಂಟನೇ ಪಾಸಾದ ಗೌಡರ ಮಗಳು ಲೋಲಾಕ್ಷಿಯನ್ನೂ ಕರಕೊಂಡು ಹೋಗಿ ಟೀಚರ ಟ್ರೈನಿಂಗ್ ಶಾಲೆಗೆ ಸೇರಿಸುತ್ತೇನೆ ಎಂದು ಕೇಳಿದ್ದರು. ಮಗಳ ವಿಷಯ, ಗೌಡರು ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಲೋಲಾಕ್ಷಿ ಮಾತ್ರ ಮನಸ್ಸಿನಲ್ಲೇ ಹೋಗಿ ಆಗಿತ್ತು. ಅಕ್ಕಿ ಕೇರುವಾಗಲೂ ಮಂಗಳೂರಿನ ಆ ಕಾಣದ ಕೋಣೆ ಕಣ್ಣಿಗೆ ಕಟ್ಟುತ್ತಿತ್ತು. ಒಂದು ಕಿಟಕಿ, ಎರಡು ಚಾಪೆ, ಆಚೆಯಿಂದ ಕಡಲ ಸದ್ದು. ಕಡಲನ್ನು ಅವಳು ನೋಡಿದವಳೇ ಅಲ್ಲ.

ಆ ಸಂಜೆ ಟೀಚರು ಹುಳಿ ಹಾಕಿ ಉಜ್ಜಿದ ಹರಿವಾಣಕ್ಕೆ ನೀರು ಹೊಯ್ದು, ಕರ್ಪೂರದ ಒಂದು ಚೂರು ಬಿಟ್ಟರು. ಚೂರು ಮರಿಮೀನಿನ ಹಾಗೆ ಓಡಿತು, ಗಿರ್ರನೆ ತಿರುಗಿತು.

"ಇದಕ್ಕೆ ಜೀವ ಉಂಟಾ ಟೀಚರೇ?"

"ಜೀವ ಎಂತದ್ದು ಮಾರಾಯ್ತಿ! ನೀರಿನ ಒಂದೊಂದು ಅಣುವೂ ಮೊಣಕೈ ಮಡಚಿದ ಹಾಗೆ ಬಾಗಿ ಉಂಟು. ಹಾಗೆ ಬಾಗಿದ್ದಕ್ಕೇ ಒಂದನ್ನೊಂದು ಅಷ್ಟು ಗಟ್ಟಿ ಎಳಕೊಳ್ಳುದು. ಕರ್ಪೂರ ಕರಗಿದ ಬದಿಯಲ್ಲಿ ಎಳೆತ ಸಡಿಲ ಆಗ್ತದೆ. ಆಚೆ ಬದಿಯ ನೀರು ಅದನ್ನು ಎಳಕೊಂಡು ಹೋಗ್ತದೆ."

ಕಣ್ಣಿಗೆ ಕಾಣದ್ದಕ್ಕೂ ಮೊಣಕೈ! ಲೋಲಾಕ್ಷಿ ತನ್ನ ಕೈ ಮಡಚಿ ನೋಡಿಕೊಂಡಳು.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಗೌಡರು ಹೇಳಿದರು: "ಅಣುಗಿಣು ನನಗೆ ಗೊತ್ತಿಲ್ಲ. ಕರ್ಪೂರ ದೇವರದ್ದು. ನಾಳೆ ಬೆಳಿಗ್ಗೆ ಇವಳೇ ಹಾಕಲಿ. ಓಡಿದರೆ ಇವಳೂ ಹೋಗಲಿ, ನಿಂತರೆ ಇಲ್ಲೇ ನಿಲ್ಲಲಿ."

ಟೀಚರು ನಕ್ಕು ಒಪ್ಪಿದರು. ಓಡದೆ ಇರಲಿಕ್ಕುಂಟಾ!

ಬೆಳಿಗ್ಗೆ ಟೀಚರು ತೋಡಿಗೆ ಸ್ನಾನಕ್ಕೆ ಹೋದಾಗ ಅಜ್ಜಿ ತಿಮ್ಮಕ್ಕ ಮೊಮ್ಮಗಳನ್ನು ಮಣೆಯಲ್ಲಿ ಕೂರಿಸಿದಳು. "ಒಳ್ಳೆ ಕೆಲಸಕ್ಕೆ ಒಣ ತಲೆಯಲ್ಲಿ ಹೊರಡುದುಂಟಾ ಮಗಾ?" ಎಂದು ನೆತ್ತಿಗೆ ತೆಂಗಿನೆಣ್ಣೆ ಒತ್ತಿದಳು. ಹುಡುಗಿ ಹೋಗಬೇಕೆಂದು ಆ ಮನೆಯಲ್ಲಿ ಹರಸಿದ್ದು ಅವಳೊಬ್ಬಳೇ.

ಲೋಲಾಕ್ಷಿ ಹಣೆಗಿಳಿದ ಎಣ್ಣೆಯನ್ನು ಬೆರಳಲ್ಲಿ ಒರೆಸಿಕೊಂಡು ಕರ್ಪೂರ ಹಾಕಿದಳು. ಅದು ಹಾಕಿದಲ್ಲೇ ಕೂತಿತು.

"ಅಯ್ಯೋ, ಎಣ್ಣೆ ಕೈಯಾ?" ಒದ್ದೆ ಕೂದಲಲ್ಲೇ ಟೀಚರು ಓಡಿಬಂದರು. "ಗೌಡ್ರೇ, ಎಣ್ಣೆ ನೀರಿನ ಮೇಲೆಲ್ಲ ಹರಡಿತು. ಎಲ್ಲ ಬದಿಯೂ ಒಂದೇ ಹಾಗೆ ಸಡಿಲವಾದರೆ ಎಳೆಯುದು ಯಾರು? ಬೂದಿಯಲ್ಲಿ ಕೈ ತೊಳೆದು ಇನ್ನೊಮ್ಮೆ ಹಾಕಲಿ."

"ದೇವರ ಹತ್ತಿರ ಎರಡು ಸಲ ಕೇಳುದುಂಟಾ ಟೀಚರೇ?"

ಟೀಚರು ತಾವೇ ಹರಿವಾಣ ಬೆಳಗಿ, ಹೊಸ ನೀರಿಗೆ ಚೂರು ಬಿಟ್ಟರು. ಓಡಿತು.

"ನಿಮ್ಮ ಕೈಯಲ್ಲಿ ಓಡ್ತದೆ," ಎಂದರು ಗೌಡರು. "ನೀವು ಹೋಗಿ ಬನ್ನಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು.

ತಿಮ್ಮಕ್ಕ ಅಡಿಗೆಕೋಣೆಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. "ನನ್ನ ಎಣ್ಣೆಯಿಂದ ಹೀಗಾಯ್ತಾ ಮಗಾ?"

"ಅಲ್ಲ ಅಜ್ಜಿ. ಎಣ್ಣೆಯಿಂದ ಎಂತ ಆಗ್ತದೆ? ಅಪ್ಪ ಹೇಳಿದ್ದೇ ಸರಿ, ದೇವರು ಬೇಡ ಹೇಳಿದ್ದು."

ಜಗಲಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು. ಹೇಳಿದ ಮೇಲೆ ಅಪ್ಪನ ಹತ್ತಿರ ಬೇಡಿಕೊಳ್ಳಲಿಕ್ಕೆ ಬಾಯಿ ಉಳಿಯಲಿಲ್ಲ.

ಟೀಚರ ಟ್ರಂಕನ್ನು ಕಡಬದವರೆಗೆ ಲೋಲಾಕ್ಷಿಯೇ ಹೊತ್ತಳು. ಬಸ್ಸಿನ ಮೆಟ್ಟಿಲಲ್ಲಿ ನಿಂತು ಟೀಚರು, "ಈಗಲೂ ಬರ್ತೀಯಾ?" ಎಂದರು. ಅವಳು ಟ್ರಂಕನ್ನು ಸೀಟಿನಡಿಗೆ ಇನ್ನಷ್ಟು ದೂಡಿ, ಕೆಳಗಿಳಿದಳು.

ಕೌಸಲ್ಯಾ ಟೀಚರು ಹೋದರು. ಲೋಲಾಕ್ಷಿ ಪೆರಾಬೆಯ ದಾರಿ ಹಿಡಿದಳು.