ತಿಳಿನೀರಿನ ಸರದಿ

ಈಜುಕೊಳದ ನೀರು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಭಾನುವಾರ ಸಂಜೆ ಖಾಲಿ ಮಾಡಿ, ಸೋಮವಾರ ಹಗಲೆಲ್ಲ ತಳ ಉಜ್ಜಿ, ರಾತ್ರಿ ಪಂಪು ಹಾಕಿದರೆ ಮಂಗಳವಾರ ನಸುಕಿಗೆ ಅಂಚಿನವರೆಗೆ ತುಂಬಿಕೊಳ್ಳುತ್ತಿತ್ತು. ಉಜ್ಜುವವಳು ಅವಳು. ಪಂಪು ಹಾಕುವವನು ಅವಳ ಗಂಡ. ಅವನನ್ನು ಎಲ್ಲರೂ ಪಂಪಣ್ಣ ಎನ್ನುತ್ತಿದ್ದರು, ಅವಳನ್ನು ಪಾಚಿಯಕ್ಕ. ಪಾಚಿ ತೆಗೆಯುವವಳಿಗೆ ಪಾಚಿಯ ಹೆಸರೇ ಅಂಟಿಕೊಂಡದ್ದಕ್ಕೆ ಅವಳೇನೂ ಬೇಸರಪಟ್ಟುಕೊಂಡಿರಲಿಲ್ಲ. ಕೂಗಿ ಕರೆಯುವುದಕ್ಕೆ ಏನಾದರೊಂದು ಬೇಕಲ್ಲ.

ಹೊಸ ನೀರಿಗೆ ಮೊದಲು ಇಳಿಯುವುದು ಪಂಪಣ್ಣನ ಕೆಲಸ. ಔಷಧಿ ಹೆಚ್ಚಾಗಿ ಕಣ್ಣು ಉರಿಯುತ್ತದೆಯೇ, ತಳಕ್ಕೆ ಹಾಸಿದ ಟೈಲ್ಸ್ ಬಿಲ್ಲೆ ಎದ್ದು ಕಾಲಿಗೆ ತಗಲುತ್ತದೆಯೇ ಎಂದು ಈ ಕೊನೆಯಿಂದ ಆ ಕೊನೆಗೆ ಒಮ್ಮೆ ಈಜಿಬರಬೇಕು. ಅದಕ್ಕೆ ‘ನೀರು ನೋಡುವುದು’ ಎನ್ನುತ್ತಿದ್ದರು. ಆಮೇಲೆ ಗೇಟು ತೆರೆದರೆ ಬೆಳಗಿನ ಗಂಡಸರು. ಹೆಂಗಸರ ಸಮಯ ಶನಿವಾರ, ಭಾನುವಾರ ಮಧ್ಯಾಹ್ನ. ಅಷ್ಟರಲ್ಲಿ ನೀರು ಹಸಿರಿಗೆ ತಿರುಗಿ ತಳ ಕಾಣದಂತಾಗಿರುತ್ತಿತ್ತು.

“ಇದು ಈಜೋದಲ್ಲ ಕಣ್ರೀ, ಪಾತ್ರೆ ತೊಳೆದ ನೀರಲ್ಲಿ ಮುಳುಗೋದು,” ಎಂದು ಬ್ಯಾಂಕಿನ ಮೇಡಂ ಮೂಗು ಹಿಡಿದು ಇಳಿಯುತ್ತಿದ್ದರು.

“ಮನೇಲೂ ಮಿಕ್ಕಿದ್ದೇ, ಇಲ್ಲೂ ಮಿಕ್ಕಿದ್ದೇ. ನಮಗೇನು ಹೊಸದಾ?” ಎಂದು ಪಕ್ಕದವರು. ಎಲ್ಲರೂ ನಗುತ್ತಿದ್ದರು.

ಶನಿವಾರ ಇಳಿಯಲು ಪಾಚಿಯಕ್ಕನಿಗೂ ಅಡ್ಡಿ ಇರಲಿಲ್ಲ. ಅವಳು ಇಳಿಯುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಮಂಗಳವಾರದ ನೀರು. ತಾನು ಮಂಡಿಯೂರಿ ಉಜ್ಜಿದ ಬಿಲ್ಲೆಗಳೆಲ್ಲ ಆಳದಲ್ಲಿ ಫಳಫಳ ಕಾಣುವ, ಇನ್ನೂ ಯಾರ ಮೈಯೂ ಸೋಕದ ನೀರು. ಅದರ ಮೇಲೆ ಅಂಗಾತ ಮಲಗಬೇಕು. ಕಿವಿ ಮುಳುಗಿ ಲೋಕದ ಸದ್ದೆಲ್ಲ ಅಡಗಬೇಕು. ಚಿಕ್ಕವಳಿದ್ದಾಗ ಅಣ್ಣಂದಿರ ಜೊತೆ ಕಾಲುವೆಯಲ್ಲಿ ಮೀನಿನ ಹಾಗೆ ಬಿದ್ದಿರುತ್ತಿದ್ದವಳು. ಒಂದು ಬೇಸಿಗೆಯಲ್ಲಿ ಅಮ್ಮ, “ಸಾಕು, ಎಷ್ಟುದ್ದ ಬೆಳೆದಿದ್ದೀಯ ನೋಡ್ಕೋ. ಇನ್ಮೇಲೆ ದಡದಲ್ಲಿ ಕೂತು ಅಣ್ಣಂದಿರ ಬಟ್ಟೆ ಕಾಯಿ,” ಎಂದಿದ್ದಳು. ಅಂದು ದಡದಲ್ಲಿ ಕೂತವಳು ಇನ್ನೂ ಎದ್ದಿರಲಿಲ್ಲ.

ಗಂಡ ಪ್ರತಿ ಮಂಗಳವಾರವೂ ನೀರಿನಿಂದ ತಲೆಯೆತ್ತಿ, “ಆಹಾ, ಸ್ವರ್ಗ ಕಣೇ!” ಎನ್ನುತ್ತಿದ್ದ. ಹೋದ ವಾರವೂ ಅಂದ. ಯಾಕೋ ಆ ಸಲ ಅದು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಈ ಸೋಮವಾರ ಅವಳು ಬ್ರಶ್ಶನ್ನು ಗೋಡೆಗೊರಗಿಸಿ ಮ್ಯಾನೇಜರರ ಬಾಗಿಲಲ್ಲಿ ಹೋಗಿ ನಿಂತಳು.

“ಸಾರ್, ನಾಳೆ ನೀರು ನಾನು ನೋಡ್ತೀನಿ. ಒಂದು ವಾರ ಅವರು, ಒಂದು ವಾರ ನಾನು.”

“ನೀನಾ? ಈಜು ಬರುತ್ತಾ?”

“ನಿಮ್ಮ ಪಂಪಣ್ಣನಿಗಿಂತ ಚೆನ್ನಾಗಿ.”

ಮ್ಯಾನೇಜರ್ ನಕ್ಕರು. ಕೆಟ್ಟ ಮನುಷ್ಯರೇನಲ್ಲ. “ಬೆಳಗಿನವರಿಗೆ ಗೊತ್ತಾದ್ರೆ ರಂಪ ಆಗುತ್ತಮ್ಮ. ಹೆಂಗಸು ಇಳಿದ ನೀರಿಗೆ ನಾವು ಇಳೀಬೇಕಾ ಅಂತಾರೆ.”

“ಅವರು ಇಳಿದ ನೀರಿಗೆ ಹೆಂಗಸರು ಇಳಿಯಲ್ವಾ ಸಾರ್?”

“ಅದು ಬೇರೆ ಕಣಮ್ಮ.”

ಫೋನು ಬಂತು, ಅವರು ಎತ್ತಿಕೊಂಡರು.

ಸುದ್ದಿ ಗಂಡನ ಕಿವಿಗೂ ಬಿದ್ದಿತ್ತು; ಸಂಜೆ ಊಟಕ್ಕೆ ಕೂತಾಗ ಅವನ ಮುಖ ಊದಿಕೊಂಡಿತ್ತು. “ಅಷ್ಟು ಆಸೆ ಇದ್ರೆ ನಂಗೆ ಹೇಳೋದಲ್ವೇನೇ? ಅಲ್ಲಿಗ್ಯಾಕೆ ಹೋದೆ?” ಎಂದ. ಎರಡು ತುತ್ತು ಉಂಡು, ಕರಗಿದ. “ನಾಳೆ ಬೇಗ ಹೋಗೋಣ. ದೀಪ ಹಾಕೋದು ಬೇಡ. ನಾನು ಗೇಟು ಕಾಯ್ತೀನಿ, ನೀನು ಇಳಿ. ಯಾರಪ್ಪಂಗೆ ಗೊತ್ತಾಗುತ್ತೆ?”

ಅವಳಿಗೆ ನಿದ್ದೆ ಹತ್ತಲಿಲ್ಲ.

ಇನ್ನೂ ಬೆಳಕು ಹರಿದಿರಲಿಲ್ಲ. ಹಳೆಯ ಪ್ಯಾಂಟು, ಗಂಡನದೇ ಒಂದು ತುಂಬುತೋಳಿನ ಅಂಗಿ ತೊಟ್ಟು ಅವಳು ಕೊಳದ ಮೊದಲ ಮೆಟ್ಟಿಲಲ್ಲಿ ನಿಂತಳು. ನೀರು ಹಿಮ್ಮಡಿ ಸುತ್ತಿಕೊಂಡಿತು. ಎಷ್ಟು ತಣ್ಣಗೆ! ಕಣ್ಣು ತಾನಾಗಿ ತುಂಬಿಬಂತು.

“ಬೇಗ ಇಳಿಯೇ!” ಗೇಟಿನ ಕಡೆಯಿಂದ ಅವನ ಪಿಸುಮಾತು. “ಯಾರಾದ್ರೂ ಬಂದ್ಬಿಡ್ತಾರೆ!”

ಬೇಗ. ಮಗು ಏಳುವುದರೊಳಗೆ ಸ್ನಾನ, ಅತ್ತೆ ಕರೆಯುವುದರೊಳಗೆ ಊಟ. ಮದುವೆಯಾದಾಗಿನಿಂದ ಅವಳ ಕಾಲು ನೆಲಕ್ಕೆ ಊರಿದ್ದೇ ಕಡಿಮೆ. ಎಲ್ಲವನ್ನೂ ಬೇಗ ಮಾಡಬಹುದು. ನೀರಿನ ಮೇಲೆ ಅಂಗಾತ ಮಲಗುವುದನ್ನು ಮಾತ್ರ ಬೇಗ ಮಾಡಲಾಗದು. ಆತುರಕ್ಕೆ ಮೈ ಮುಳುಗುತ್ತದೆ.

“ರೀ, ದೀಪ ಹಾಕಿ.”

“ತಲೆ ಕೆಟ್ಟಿದೆಯಾ?”

“ನೀವು ಇಳಿಯುವಾಗ ದೀಪ ಇರುತ್ತಲ್ಲ.”

ಅವನ ಕೈ ಸ್ವಿಚ್ಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಕೆಳಗಿಳಿಯಿತು. “ಕೆಲಸ ಹೋಗುತ್ತೆ ಕಣೇ. ಇಬ್ಬರದೂ.”

ಸುಳ್ಳಲ್ಲ. ಅವಳು ಒಂದೊಂದಾಗಿ ಪಾದಗಳನ್ನು ನೀರಿನಿಂದ ತೆಗೆದಳು.

“ಕೈಗೆ ಬಂದ ತುತ್ತು ಬೇಡ ಅಂತೀಯಲ್ಲೇ,” ಎಂದು ಅವನು ಹತ್ತಿರ ಬಂದ.

“ಕದ್ದ ತುತ್ತು ರೀ ಇದು. ನಾನು ಉಜ್ಜಿದ ಕೊಳಕ್ಕೆ ನಾನ್ಯಾಕೆ ಕಳ್ಳಿ ಥರ ಇಳೀಲಿ?”

ತಾನಾದರೂ ನೀರು ನೋಡೋಣವೆಂದು ಅವನು ಅಂಗಿ ಬಿಚ್ಚಲಿಲ್ಲ. ಅವಳ ಪಕ್ಕದಲ್ಲೇ ಅಂಚಿನ ಮೇಲೆ ಕೂತ. ಯಾರೂ ದೀಪ ಹಾಕದೆಯೇ ನಿಧಾನವಾಗಿ ಬೆಳಕಾಯಿತು, ಆಳದ ಬಿಲ್ಲೆಗಳು ಒಂದೊಂದಾಗಿ ಕಣ್ಣುಬಿಟ್ಟವು. ಅಂಗೈಯಗಲ ಸುಕ್ಕೂ ಇಲ್ಲದ ನೀರು. ಅವಳು ನೋಡುತ್ತಲೇ ಇದ್ದಳು. ಇಷ್ಟು ಹತ್ತಿರದಲ್ಲಿರುವುದನ್ನು ಇಷ್ಟು ಬಯಸಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

ಗೇಟಿನಲ್ಲಿ ನಗು ಕೇಳಿಸಿತು. ಟವೆಲು ಹೆಗಲಿಗೇರಿಸಿಕೊಂಡ ಬೆಳಗಿನ ತಂಡ, ಮುಂದೆ ಹೊಟ್ಟೆ ವಕೀಲರು. ಹಿಂದೆಯೇ ಮ್ಯಾನೇಜರ್.

“ಏನಪ್ಪಾ ಪಂಪಣ್ಣ, ತಲೆ ಒಣಗಿದೆ! ನೀರು ನೋಡಿಲ್ವೇನೋ?” ಎಂದರು ವಕೀಲರು.

ಅವನು ಎದ್ದು ನಿಂತ. ಹೆಂಡತಿಯನ್ನು ನೋಡಿದ, ಮ್ಯಾನೇಜರರನ್ನು ನೋಡಿದ.

“ಇಲ್ಲ ಸಾರ್. ಇವತ್ತು ನನ್ನ ಸರದಿ ಅಲ್ಲ.”

“ಮತ್ಯಾರದಯ್ಯ?”

“ನಂದು,” ಎಂದಳು ಪಾಚಿಯಕ್ಕ.

ವಕೀಲರು ಹೊಟ್ಟೆ ಕುಣಿಸಿ ನಕ್ಕರು. “ಬೆಳಬೆಳಿಗ್ಗೆ ಒಳ್ಳೇ ತಮಾಷೆ ಮಾಡ್ತೀರಪ್ಪ ಗಂಡಹೆಂಡ್ತಿ!” ಎಂದು ಓಡಿಬಂದು ಧುಮುಕಿಯೇಬಿಟ್ಟರು. ಅವರ ಹಿಂದೆ ಉಳಿದವರು. ನೀರು ಒಡೆಯಿತು.

“ಇಬ್ಬರೂ ಒಳಗೆ ಬನ್ನಿ,” ಎಂದರು ಮ್ಯಾನೇಜರ್. ಅವರು ನಗುತ್ತಿರಲಿಲ್ಲ.

ಗಂಡಹೆಂಡತಿ ಅಂಚಿನಗುಂಟ ನಡೆದರು. “ಹೆದರಿಕೆ ಆಗ್ತಿದೆಯಾ?” ಎಂದು ಅವಳು ಮೆಲ್ಲಗೆ ಕೇಳಿದಳು.

“ಹೂಂ.”

“ನಂಗೂ.”

ಬಾಗಿಲ ಬಳಿ ಅವಳು ಒಮ್ಮೆ ತಿರುಗಿ ನಿಂತಳು. ಕೊಳದ ಆ ತುದಿಯ ಮೂಲೆಗೆ ಅಲೆ ಇನ್ನೂ ಮುಟ್ಟಿರಲಿಲ್ಲ. ಒಬ್ಬ ಮನುಷ್ಯ ಅಂಗಾತ ಮಲಗುವಷ್ಟು ಜಾಗದಲ್ಲಿ ನೀರು ತಿಳಿಯಾಗಿ, ಸುಮ್ಮನಿತ್ತು.

ಒಳಗಿನಿಂದ ಮ್ಯಾನೇಜರ್ ಕೂಗಿದರು. “ಬಂದೆ ಸಾರ್,” ಎಂದಳು. ಆದರೂ ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಂತು ನೋಡಿದಳು.