ಮೌನಕ್ಕೆ ತೊಂಬತ್ತು ಸೆಕೆಂಡು

ಆ ಮೀಟಿಂಗಿನಲ್ಲಿ ದೊಡ್ಡಕ್ಕನಿಗೆ ಕುರ್ಚಿ ಇರಲಿಲ್ಲ. ಇಡೀ ದೇಶದ ಮನೋರೋಗ ಚಿಕಿತ್ಸೆಯನ್ನು ಮೊಬೈಲಿಗೆ ತರುವ ಯೋಜನೆಯ ಮೀಟಿಂಗು ಅದು. ಉದ್ದನೆಯ ಮೇಜಿನ ಸುತ್ತ ಅಧ್ಯಕ್ಷರು, ಎಂಜಿನಿಯರ್, ಹಣಕಾಸಿನವರು, ಅವರ ಸಹಾಯಕರು. ಸಹಾಯಕರ ಬ್ಯಾಗುಗಳಿಗೂ ಕುರ್ಚಿ ಸಿಕ್ಕಿತ್ತು. ವರ್ಷಗಟ್ಟಲೆ ಸಹಾಯವಾಣಿಯ ಫೋನ್ ಎತ್ತಿದವಳು ಕಿಟಕಿಗೆ ಒರಗಿ ನಿಂತಳು. ಜೊತೆಯವರು ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದುದು ವಯಸ್ಸಿಗಲ್ಲ, ಬಾಯಿಗೆ ಹೆದರಿ.

ಎಂಜಿನಿಯರ್ ಪರದೆಯ ಮೇಲೆ ಹೊಸ ನಿಯಮ ತೋರಿಸಿದ. ಕರೆ ಮಾಡಿದವರು ಮೂವತ್ತು ಸೆಕೆಂಡು ಮಾತಾಡದಿದ್ದರೆ ಕರೆ ತಾನಾಗಿ ಕಡಿಯುತ್ತದೆ. ಮೂರು ಸಲ ಹಾಗಾದರೆ ಆ ನಂಬರು ಬಂದ್.

"ಯಾಕಪ್ಪಾ?"

"ಖಾಲಿ ಕರೆ ಮೇಡಂ. ಹುಡುಗಾಟದವರು."

"ಖಾಲಿ ಇರೋದು ನಿನ್ನ ತಲೆ. ಬಾಯಿ ಬಿಡೋಕೆ ಆಗದವರೇ ಸುಮ್ಮನಿರೋದು."

ಅವಳಿಗೆ ಒಬ್ಬಳ ಚಿಂತೆ. ಮಧ್ಯಾಹ್ನ ಗಂಡ, ಅತ್ತೆ ಮಲಗಿದ ಮೇಲೆ ಬಚ್ಚಲು ಸೇರಿ, ನಲ್ಲಿ ಬಿಟ್ಟುಕೊಂಡು ಫೋನ್ ಮಾಡುವವಳು. ಬಹಳ ಹೊತ್ತು ಬರೀ ನೀರಿನ ಸದ್ದು. ಸಹಾಯವಾಣಿಯವರು ಅಂಥ ಕರೆಯನ್ನು ಕಡಿಯುತ್ತಿರಲಿಲ್ಲ. "ಇಲ್ಲೇ ಇದ್ದೀನಿ, ಆತುರ ಇಲ್ಲ" ಎಂದು ಆಗಾಗ ಹೇಳಿ ಕಾಯುತ್ತಿದ್ದರು. ಮೊದಲ ವಾರ ಅವಳು "ಅಕ್ಕಾ" ಎಂದಳು, ಅಷ್ಟೇ. ಕಳೆದ ವಾರ, "ಮಾತ್ರೆ ಕೂಡಿಡ್ತಾ ಇದೀನಿ" ಎಂದಳು. ಹೆಸರು ಇನ್ನೂ ಹೇಳಿರಲಿಲ್ಲ. ಕರೆ ಮಾಡಿದವರ ನಂಬರು ಇವರಿಗೆ ಕಾಣುವಂತಿರಲಿಲ್ಲ.

"ಹದಿನೈದು ನಿಮಿಷ ಬಿಡಿ," ಎಂದಳು ದೊಡ್ಡಕ್ಕ.

"ಅದೇನಮ್ಮ ಫೋನೋ, ಧ್ಯಾನಮಂದಿರವೋ?" ಎಂದರು ಹಣಕಾಸಿನವರು. ಮೇಜಿನ ಸುತ್ತ ನಗು.

"ಹತ್ತು."

"ನಲವತ್ತೈದು ಸೆಕೆಂಡು," ಎಂದ ಎಂಜಿನಿಯರ್, ಬದನೆಕಾಯಿ ಕೊಳ್ಳುವವನ ಹಾಗೆ.

ಅಧ್ಯಕ್ಷರು ಕೈ ಎತ್ತಿದರು. "ನಿಮ್ಮ ಕಾಳಜಿ ಅರ್ಥ ಆಗುತ್ತೆ ತಾಯಿ. ತೊಂಬತ್ತು ಸೆಕೆಂಡು ಮಾಡೋಣ. ಮುಂದಿನ ವರ್ಷ ಮತ್ತೆ ನೋಡೋಣ." ಮೊಣಕೈಗೆ ಬೆಲ್ಲ ಸವರುವುದರಲ್ಲಿ ಪಳಗಿದ ಮನುಷ್ಯ.

"ನಿಮ್ಮ ಮಗಳು ಬಾಗಿಲು ಹಾಕ್ಕೊಂಡು ಮಾತೇ ಆಡದಿದ್ರೆ, ತೊಂಬತ್ತು ಎಣಿಸಿ ಊಟಕ್ಕೆ ಎದ್ದು ಹೋಗ್ತೀರಾ?"

ಅಧ್ಯಕ್ಷರು "ಮುಂದಿನ ಪುಟ" ಎಂದರು. ಮುಂದಿನ ಪುಟದಲ್ಲಿ ಆ್ಯಪಿನ ಬಣ್ಣ. ನೀಲಿಯೋ ಹಸಿರೋ ಎಂದು ಊಟದ ಹೊತ್ತಿನವರೆಗೂ ಕಿತ್ತಾಡಿದರು.

ಹೊಸ ವ್ಯವಸ್ಥೆ ಶುರುವಾದ ದಿನ ಮಧ್ಯಾಹ್ನ ದೊಡ್ಡಕ್ಕನ ಫೋನಿನಲ್ಲಿ ನಲ್ಲಿಯ ಸದ್ದು ಬಂತು. ಹಿಂದೆ ಮಾತಾಡಿದವರ ಬಳಿಗೇ ಕರೆ ಬರುವ ಏರ್ಪಾಡೊಂದು ಪುಣ್ಯಕ್ಕೆ ಉಳಿದಿತ್ತು. ಪರದೆಯ ಮೂಲೆಯಲ್ಲಿ ತೊಂಬತ್ತರಿಂದ ಸೆಕೆಂಡು ಇಳಿಯತೊಡಗಿತು.

"ಇಲ್ಲೇ ಇದ್ದೀನಿ. ಏನಾದ್ರೂ ಅನ್ನು. ಅಕ್ಕಾ ಅಂತಾದ್ರೂ ಅನ್ನು, ಇಲ್ಲದಿದ್ರೆ ಇದು ಕಡಿದುಬಿಡುತ್ತೆ."

ಎಂದೂ ಆತುರಪಡಿಸದ ದನಿ ಇವತ್ತು ಅವಸರಿಸುತ್ತಿತ್ತು. ಆ ಕಡೆಯವಳು ಹೆದರಿದಳೋ ಏನೋ, ಉಸಿರಿನ ಸದ್ದೂ ಕೇಳದಾಯಿತು. ಕರೆ ಕಡಿಯಿತು. ಮತ್ತೆ ಬಂತು, ಮತ್ತೆ ಕಡಿಯಿತು. ಮೂರನೆಯದೂ ಕಡಿದ ಮೇಲೆ ಪರದೆಯ ಮೇಲೆ ಕೆಂಪು ಗೆರೆ ಮೂಡಿತು: ನಂಬರು ಬಂದ್.

ದೊಡ್ಡಕ್ಕ ಎಂಜಿನಿಯರಿಗೆ ಫೋನ್ ಮಾಡಿದಳು. "ಆ ನಂಬರಿನ ಬಂದ್ ತೆಗಿ. ಈಗಲೇ ತೆಗಿ."

"ಅರ್ಜಿ ಹಾಕಿ ಮೇಡಂ. ಒಂದು ವಾರ ಹಿಡಿಯುತ್ತೆ."

"ಒಂದು ವಾರಕ್ಕೆ ಹೆಣ ಕೊಳೆಯುತ್ತೆ ಕಣೋ!"

ಅವನೂ ಫೋನ್ ಇಟ್ಟ.

ಮೊದಲ ದಿನ ಖಾಲಿ ಎಂದು ಕಡಿದ ಕರೆಗಳು ನಾನೂರ ಹನ್ನೆರಡು. ಬಂದ್ ಆದ ನಂಬರುಗಳು ಐವತ್ತೊಂದು. ಅವುಗಳಲ್ಲಿ ಅವಳದು ಒಂದು.