ಗಂಗೋತ್ರಿಯ ಎಡೆ

ಹಿರೇರ ಹಬ್ಬದ ದಿನ ಬೆಳಗ್ಗೆ ದುರುಗಮ್ಮ ಚೀಲದಲ್ಲಿ ಹಸಿರು ಸೀರೆ, ಬಳೆ, ಮಂಡಕ್ಕಿ ತುಂಬಿಕೊಂಡು ಬಿಳಿಚೋಡಿನಲ್ಲಿ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಕೇಳಿದವರಿಗೆ ನಲ್ಲೂರಿಗೆ, ಬೀಗರ ಮನೆಗೆ ಎಂದಳು. ಕೇಳಿದವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮಗಳನ್ನು ತಿಂದ ಮನೆಗೆ ಸೀರೆ ಹೊತ್ತುಕೊಂಡು ಹೋಗುತ್ತಾಳಲ್ಲ, ಇವಳಿಗೇನು ತಲೆ ಕೆಟ್ಟಿದೆಯೇ? ತಲೆ ನೆಟ್ಟಗೇ ಇತ್ತು. ಇದೇ ಜನ ಹೋದ ವರ್ಷ ಏನೇನು ಆಡಿಕೊಂಡಿದ್ದರು ಎಂಬುದೂ ಅದರಲ್ಲಿ ನೆಟ್ಟಗೇ ಉಳಿದಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಮಗಳು ಗಂಗೋತ್ರಿ ಕಾಣೆಯಾದಳು. ಯಾರ ಜೊತೆಗೋ ಓಡಿಹೋದಳು ಎಂದು ಅಳಿಯ ತಿಮ್ಮೇಶ್ ತಾನೇ ಠಾಣೆಗೆ ಹೋಗಿ ದೂರು ಬರೆಸಿದ. ಹೊನ್ನಾಳಿ ಹತ್ತಿರ ಹೊಳೆಯಲ್ಲಿ ಗುರುತು ಸಿಗದ ಹೆಣ ಸಿಕ್ಕಾಗ ಪೊಲೀಸರು ಅದರ ಮೈಮೇಲಿದ್ದ ಬಟ್ಟೆ ತೋರಿಸಿದರೆ, ನನ್ನ ಹೆಂಡತಿಯದಲ್ಲ ಅಂದುಬಿಟ್ಟ, ಪುಣ್ಯಾತ್ಮ. ಹೆಣವನ್ನು ಅಲ್ಲೇ ಹೂತರು. ಇತ್ತ ಬಿಳಿಚೋಡಿನಲ್ಲಿ ದುರುಗಮ್ಮ ನಲ್ಲಿ ಹತ್ತಿರ ಕೊಡ ಇಟ್ಟರೆ ಸಾಕು, ಹೆಂಗಸರು ಗಪ್‌ಚಿಪ್. ಓಡಿಹೋದವಳ ತಾಯಿ ಅಲ್ಲವೇ. ಮಗಳು ಬದುಕಿದ್ದಾಳೆ ಅಂದರೆ ಓಡಿಹೋದದ್ದು ನಿಜ ಅನ್ನಬೇಕು. ಓಡಿಹೋಗಿಲ್ಲ ಅಂದರೆ ಸತ್ತಿದ್ದಾಳೆ ಅನ್ನಬೇಕು. ಹೆತ್ತವಳು ದೇವರ ಮುಂದೆ ಯಾವುದನ್ನು ಬೇಡಿಕೊಳ್ಳಬೇಕು, ನೀವೇ ಹೇಳಿ.

ಠಾಣೆಗೆ ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಅರ್ಪಿತಾ ಮಾತ್ರ ದುರುಗಮ್ಮ ಹೋದಾಗಲೆಲ್ಲ ಕೂರಿಸಿ ಕೇಳುತ್ತಿದ್ದಳು. "ನಂಗೂ ಅನುಮಾನ ಐತಮ್ಮ. ಹಿಡಿಯಾಕೆ ಒಂದು ಎಳೆ ಸಿಗ್ಬೇಕಲ್ಲ," ಅನ್ನುತ್ತಿದ್ದಳು. ಆ ಎಳೆ ಸಿಕ್ಕಿದ್ದು ಹೋದ ವರ್ಷದ ಹಿರೇರ ಹಬ್ಬದಲ್ಲಿ.

ಆ ದಿನ ಮನೆಯಲ್ಲಿ ಸತ್ತವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಎಡೆಗೆ ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ಇರುತ್ತಾರೆ. ಹಿರೇರು ಬಂದು ಉಣ್ಣಲಿ ಎಂದು. ನಲ್ಲೂರಿನಲ್ಲಿ ಪಕ್ಕದ ಮನೆಯ ಕಲ್ಪನಾ ಮೊಸರಿಗೆ ಹೆಪ್ಪು ಕೇಳಲು ಗಂಗೋತ್ರಿಯ ಅತ್ತೆ ಲಕ್ಷ್ಮಮ್ಮನ ಮನೆಗೆ ಹೋದಳು. ಗೋಡೆ ಪಕ್ಕ ಎರಡು ಎಡೆ ಇಟ್ಟಿದ್ದರು. ಒಂದರ ಬಳಿ ಲಕ್ಷ್ಮಮ್ಮನ ತೀರಿಹೋದ ಗಂಡನಿಗೆ ಪಂಚೆ. ಇನ್ನೊಂದರ ಬಳಿ ಹಸಿರು ಸೀರೆ, ಬಳೆ, ಕುಂಕುಮ, ಎಲೆಯಲ್ಲಿ ಹೋಳಿಗೆ ಪಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

"ಇದು ಯಾರಿಗೆ ಲಕ್ಷ್ಮಕ್ಕ?"

"ನಮ್ಮತ್ತೆಗೆ ಕಣೆ," ಎಂದು ಲಕ್ಷ್ಮಮ್ಮ ಮುಖ ತಿರುಗಿಸಿದಳು.

ಆ ಅತ್ತೆ ವಿಧವೆಯಾಗಿ ಸತ್ತವಳು. ಬಳೆ ಕುಂಕುಮ ಇಡುವುದು ಮುತ್ತೈದೆಯಾಗಿ ಹೋದವಳಿಗೆ. ಸಂತೇಬೆನ್ನೂರು ಸಂತೆಯ ದಿನ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ತಿನ್ನುತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ಕಲ್ಪನಾ ಹೆಪ್ಪು ಅಲ್ಲೇ ಬಿಟ್ಟು ಬಂದು ದುರುಗಮ್ಮನಿಗೆ ಫೋನು ಮಾಡಿದಳು. "ದುರುಗಕ್ಕ, ಬದುಕಿರೋರಿಗೆ ಯಾರಾದ್ರೂ ಎಡೆ ಇಡ್ತಾರಾ?"

ದುರುಗಮ್ಮನಿಂದ ಸುದ್ದಿ ತಿಳಿದು ಮರುದಿನ ಅರ್ಪಿತಾ ಬಂದು ಲಕ್ಷ್ಮಮ್ಮನ ಪಕ್ಕ ನೆಲದ ಮೇಲೇ ಕೂತು, ಸೀರೆ ಯಾರಿಗೆ ಎಂದಷ್ಟೇ ಕೇಳಿದಳು. ಮುದುಕಿ ಗೊಳೋ ಎಂದು ಅತ್ತು ಎಲ್ಲ ಹೇಳಿಬಿಟ್ಟಳು. ಗಂಡಹೆಂಡಿರ ಜಗಳ, ಒಗೆಯುವ ಕಲ್ಲಿನ ಮೇಲೆ ತಲೆ ಬಡಿದು ಸತ್ತ ಸೊಸೆ, ಹೆಣವನ್ನು ಹೊಳೆಗೆ ಒಯ್ದ ಮಗ. ಅವಳೇ ಬಿದ್ದಳೋ ಅವನು ನೂಕಿದನೋ, ಅದನ್ನು ಕೋರ್ಟು ಹೇಳಬೇಕು. ತಿಮ್ಮೇಶ್ ಜೈಲು ಸೇರಿದ. ಮೂಳೆಯನ್ನು ತಾಯಿಯ ರಕ್ತಕ್ಕೆ ತಾಳೆ ನೋಡಿದ ಮೇಲೆ ಹೊನ್ನಾಳಿಯ ಹೆಣ ಗಂಗೋತ್ರಿಯದೇ ಎಂದು ಖಾತ್ರಿಯಾಯಿತು. ದುರುಗಮ್ಮ ಮಗಳನ್ನು ಊರಿಗೆ ತಂದು ಮಣ್ಣು ಮಾಡಿದಳು. ಆಡಿಕೊಂಡಿದ್ದವರೆಲ್ಲ ತಲೆ ತಗ್ಗಿಸಿಕೊಂಡು ಬಂದು ಮಣ್ಣು ಹಾಕಿದರು. ಅಂದು ಅತ್ತು ಸಾಕಾದ ಮೇಲೆ ದುರುಗಮ್ಮ ಅರ್ಪಿತಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು.

ಈಗ ದುರುಗಮ್ಮ ನಲ್ಲೂರಿನಲ್ಲಿ ಇಳಿದು ಹೋಗಿ ನೋಡಿದರೆ ಲಕ್ಷ್ಮಮ್ಮನ ಬಾಗಿಲಿಗೆ ನೀರು ಕೂಡ ಹಾಕಿರಲಿಲ್ಲ. ಒಲೆ ತಣ್ಣಗಿತ್ತು.

"ಉಗಿಯಾಕೆ ಬಂದಿದ್ರೆ ಉಗಿದು ಹೋಗ್ರಿ ಬೀಗ್ರೇ," ಎಂದಳು ಲಕ್ಷ್ಮಮ್ಮ.

"ಉಗಿಯೋದು ಐತೆ. ಅಷ್ಟು ತಿಂಗ್ಳು ಬಾಯಿ ಮುಚ್ಕಂಡು ಕುಂತಿದ್ರಲ್ಲ, ಅದಕ್ಕೆ ಸಾಯೋವರ್ಗೂ ಉಗೀತೀನಿ. ಇವತ್ತು ಎಡೆ ಇಡ್ರಿ."

"ಯಾವ ಮುಖ ಇಟ್ಕಂಡು ಇಡ್ಲಿ? ಹೇಳಾಕೆ ಧೈರ್ಯ ಇರ್ಲಿಲ್ಲ. ನಮ್ ಯಜಮಾನ್ರಿಗೆ ಬಡ್ಸಿ ಅವ್ಳನ್ನ ಉಪಾಸ ಕಳ್ಸಾಕೂ ಆಗ್ಲಿಲ್ಲ. ಇಟ್ಟೆ. ಮಗ ಜೈಲಿಗೆ ಹೋದ."

ದುರುಗಮ್ಮ ಚೀಲದಿಂದ ಸೀರೆ ತೆಗೆದು ಅವಳ ತೊಡೆ ಮೇಲಿಟ್ಟಳು. "ಕೊಟ್ಟ ಹೆಣ್ಣಿನ ಎಡೆ ಗಂಡನ ಮನೇದು. ನಾನು ಇಡಾಕೆ ಬರಲ್ಲ. ನೀವು ಅವತ್ತು ಇಡದೆ ಇದ್ದಿದ್ರೆ ನನ್ ಮಗ್ಳು ಇವತ್ತಿಗೂ ಓಡಿಹೋದೋಳೇ. ಆ ಋಣ ನನ್ ಮೇಲೈತ್ರಿ. ಏಳ್ರಿ, ಹೋಳಿಗೆಗೆ ಬ್ಯಾಳಿ ಎಲ್ಲೈತೆ?"

ಇಬ್ಬರೂ ಸೇರಿ ಹೋಳಿಗೆ ಬೇಯಿಸಿದರು. ಕಲ್ಪನಾ ಬಿಸಿ ಮೆಣಸಿನಕಾಯಿ ಕರಿದು ತಂದಳು. ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಬೀಗಿತಿಯರು ಜಗುಲಿ ಮೇಲೆ ಕೂತರು. ಓಣಿಯವರು ನಿಂತು ನೋಡಿ ಹೋದರು.

ಸ್ವಲ್ಪ ಹೊತ್ತಾದ ಮೇಲೆ ಲಕ್ಷ್ಮಮ್ಮ ಬಾಗಿಲು ತೆಗೆಯಲು ಎದ್ದಳು. ದುರುಗಮ್ಮ ಸೆರಗು ಹಿಡಿದು ಕೂರಿಸಿದಳು.

"ತಡೀರಿ," ಅಂದಳು. "ನಮ್ ಹುಡುಗಿ ಉಣ್ಣೋದು ನಿಧಾನ."